ಹಾಕಿಯ ಮಾಂತ್ರಿಕ ಧ್ಯಾನ್‌ಚಂದ್

ಸಂಗೀತ, ಸಾಹಿತ್ಯ, ಶಿಲ್ಪಗಳಂತೆ ಕ್ರೀಡೆಯೂ ಕಾಲದೊಡನೆ ಬದಲಾಗುತ್ತ ಬಂದಿದೆ. ಆಡುವ ನೆಲ ಬೇರೆಯಾದರೆ ಆಟದ ನಡೆ ಬೇರೆಯಾಗುತ್ತದೆ. ಸಲಕರಣೆ ಬೇರೆಯಾದರೆ ಕೈಚಳಕ ಬೇರೆಯಾಗುತ್ತದೆ. ನಿಯಮಗಳು ಬದಲಾದರೆ ಆಟಗಾರರು ಹೂಡುವ ತಂತ್ರವೂ ಬದಲಾಗುತ್ತದೆ. ಹಾಗಾದರೆ ಒಂದು ಕಾಲದಲ್ಲಿ ಲೋಕವನ್ನೇ ಬೆರಗುಗೊಳಿಸಿದ ಆಟಗಾರನ ಕೌಶಲವು ಮುಂದಿನವರಿಗೆ ದಾರಿದೀಪವಾಗಬಲ್ಲುದೆ? ಇಲ್ಲವೆ, ಅದು ಅವನೊಡನೆಯೇ ಮುಗಿದುಹೋಗುವುದೆ? ಹಾಕಿಯ ಮಾಂತ್ರಿಕರೆಂದು ಹೆಸರಾದ ಮೇಜರ್ ಧ್ಯಾನ್‌ಚಂದರ ಜೀವನವನ್ನು ಅರಿತವರಿಗೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಹಾಕಿ ಆಟವು ಭಾರತಕ್ಕೆ ಬ್ರಿಟಿಷ್ ಸೈನಿಕರೊಡನೆ ಬಂದಿತು. ಸೈನ್ಯವು ಬೀಡುಬಿಟ್ಟಿದ್ದ ಊರುಗಳಲ್ಲಿ ಅದು ಮೊದಲು ಬೇರೂರಿತು. ನಮ್ಮ ಬೆಂಗಳೂರು, ಬಳ್ಳಾರಿಗಳೂ ಆ ಕಾಲದ ದಂಡಿನ ಊರುಗಳೇ. ವಿದೇಶೀಯರು ಚೆಂಡನ್ನು ಬಲವಾಗಿ ಹೊಡೆದು ಅದರ ಹಿಂದೆ ಓಡುವುದನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಭಾರತೀಯರು ಅದೇ ಆಟಕ್ಕೆ ತಮ್ಮದೇ ಆದ ಒಂದು ಸೊಗಸನ್ನು ತಂದರು. ಹಾಕಿ ಕೋಲಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು. ಚಪ್ಪಟೆಯಾದ ಮಗ್ಗುಲಿನಿಂದ ಮಾತ್ರವೇ ಚೆಂಡನ್ನು ಆಡಬೇಕೆಂಬುದು ನಿಯಮ. ಆದುದರಿಂದ ಚೆಂಡನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ಸಾಗಬೇಕಾದರೆ ಕೋಲನ್ನು ಕ್ಷಣಕ್ಷಣಕ್ಕೂ ಮಣಿಕಟ್ಟಿನಿಂದ ತಿರುಗಿಸುತ್ತಿರಬೇಕು. ಡ್ರಿಬ್ಲಿಂಗ್ ಎಂದು ಕರೆಯಲಾಗುವ ಈ ಕಲೆಯಲ್ಲಿ ಭಾರತೀಯರು ಅಸಮಾನರೆನಿಸಿದರು. ಈ ಪರಂಪರೆಯನ್ನು ಅದರ ಶಿಖರಕ್ಕೆ ಮುಟ್ಟಿಸಿದವರು ಧ್ಯಾನ್‌ಚಂದರು.

ಧ್ಯಾನ್‌ಚಂದರು 1905ನೆಯ ಇಸವಿ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಜನಿಸಿದರು. ಅವರ ಮೊದಲ ಹೆಸರು ಧ್ಯಾನ್ ಸಿಂಗ್. ತಂದೆ ಸೈನ್ಯದಲ್ಲಿದ್ದರು, ಹಾಕಿಯನ್ನೂ ಆಡುತ್ತಿದ್ದರು. ಸೈನಿಕನ ಸಂಸಾರಕ್ಕೆ ಒಂದೆಡೆ ನೆಲೆಯೆಂಬುದಿಲ್ಲ. ಮೇಲಿಂದ ಮೇಲೆ ಬಂದ ವರ್ಗಾವಣೆಗಳಿಂದಾಗಿ ಬಾಲಕನ ವಿದ್ಯಾಭ್ಯಾಸವು ಆರನೆಯ ತರಗತಿಗೇ ನಿಂತುಹೋಯಿತು. ಕೊನೆಗೆ ಕುಟುಂಬವು ಝಾನ್ಸಿಯಲ್ಲಿ ನೆಲೆಸಿತು. ಬಾಲ್ಯದಲ್ಲಿ ಧ್ಯಾನ್ ಸಿಂಗರಿಗೆ ಹಾಕಿಯಲ್ಲಿ ವಿಶೇಷವಾದ ಒಲವೇನೂ ಇರಲಿಲ್ಲ. ಅವರಿಗೆ ಪ್ರಿಯವಾಗಿದ್ದುದು ಕುಸ್ತಿ. ಮುಂದೆ ಜಗತ್ತಿನ ಅತ್ಯಂತ ಶ್ರೇಷ್ಠ ಹಾಕಿ ಆಟಗಾರನಾಗಲಿರುವ ಲಕ್ಷಣವು ಆ ಬಾಲಕನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ರತಿಭೆ ಎಂಬುದು ಹುಟ್ಟಿನಿಂದಲೇ ಎದ್ದು ಕಾಣಬೇಕೆಂಬ ನಿಯಮವೇನೂ ಇಲ್ಲ.

1922ರಲ್ಲಿ, ತಮ್ಮ ಹದಿನೇಳನೆಯ ಹುಟ್ಟುಹಬ್ಬದ ದಿನದಂದು, ಅವರು ಸಾಮಾನ್ಯ ಸಿಪಾಯಿಯಾಗಿ ಸೈನ್ಯವನ್ನು ಸೇರಿದರು. ಅಲ್ಲಿದ್ದ ಸುಬೇದಾರ್ ಮೇಜರ್ ಬಾಲೆ ತಿವಾರಿಯವರು ಹಾಕಿಯಲ್ಲಿ ಅಪಾರ ಆಸಕ್ತಿಯುಳ್ಳವರು. ಅವರೇ ಈ ತರುಣನಿಗೆ ಆಟದ ಮೊದಲ ಪಾಠಗಳನ್ನು ಹೇಳಿಕೊಟ್ಟ ಗುರು. ಸಿಪಾಯಿಗೆ ಹಗಲೆಲ್ಲ ಕವಾಯತು, ಕಾವಲುಗಳ ಕೆಲಸ. ಆದುದರಿಂದ ಧ್ಯಾನ್ ಸಿಂಗರು ಕೆಲಸ ಮುಗಿದ ಮೇಲೆ, ಬೆಳುದಿಂಗಳಿನಲ್ಲಿ ಒಬ್ಬರೇ ಚೆಂಡಿನೊಡನೆ ಅಭ್ಯಾಸ ಮಾಡುತ್ತಿದ್ದರೆಂದೂ, ಚಂದ್ರನ ಬೆಳಕಿಗಾಗಿ ಕಾಯುತ್ತಿದ್ದ ಅವರನ್ನು ಸಂಗಡಿಗರು ಧ್ಯಾನ್‌ಚಂದ್ ಎಂದು ಕರೆಯತೊಡಗಿದರೆಂದೂ ಪ್ರತೀತಿಯಿದೆ. ಹೆಸರು ಬಂದ ಬಗೆ ಹೇಗೇ ಇರಲಿ, ಆ ಹೆಸರನ್ನು ಲೋಕವಿಖ್ಯಾತಗೊಳಿಸಿದುದು ಎಡೆಬಿಡದ ಅಭ್ಯಾಸವೇ.

1926ರಲ್ಲಿ ಭಾರತೀಯ ಸೈನ್ಯದ ತಂಡವೊಂದು ನ್ಯೂಜಿಲೆಂಡಿಗೆ ಹೋಯಿತು. ಅದರಲ್ಲಿ ಧ್ಯಾನ್‌ಚಂದರೂ ಇದ್ದರು. ಆ ತಂಡವು ಆಡಿದ 21 ಪಂದ್ಯಗಳಲ್ಲಿ 18ನ್ನು ಗೆದ್ದು, ಎರಡರಲ್ಲಿ ಸಮಮಾಡಿಕೊಂಡು, ಒಂದರಲ್ಲಿ ಮಾತ್ರ ಸೋತಿತು. ಹಿಂತಿರುಗಿದ ಮೇಲೆ ಸಿಪಾಯಿ ಧ್ಯಾನ್‌ಚಂದರಿಗೆ ಲ್ಯಾನ್ಸ್ ನಾಯಕರಾಗಿ ಬಡತಿ ದೊರೆಯಿತು. ಎರಡು ವರ್ಷಗಳ ತರುವಾಯ, 1928ರಲ್ಲಿ, ಆಮ್‌ಸ್ಟರ್‌ಡಾಮ್ ಒಲಿಂಪಿಕ್ ಕ್ರೀಡಾಕೂಟಕ್ಕೆ ಭಾರತದ ಹಾಕಿ ತಂಡವು ಮೊದಲ ಬಾರಿಗೆ ಹೊರಟಿತು. ಬೊಂಬಾಯಿಯ ಬಂದರಿನಲ್ಲಿ ಆ ತಂಡವನ್ನು ಬೀಳ್ಕೊಡಲು ಬಂದಿದ್ದವರು ಮೂವರು ಮಾತ್ರ. ಪರತಂತ್ರ ದೇಶದ ಆಟಗಾರರ ಮೇಲೆ ಯಾರಿಗೂ ಹೆಚ್ಚಿನ ಭರವಸೆ ಇರಲಿಲ್ಲ. ಆದರೆ ಜೈಪಾಲ್ ಸಿಂಗರ ನಾಯಕತ್ವದಲ್ಲಿ ಆರಂಭಿಸಿದ ಆ ತಂಡವು ಐದು ಪಂದ್ಯಗಳಲ್ಲಿ 29 ಗೋಲುಗಳನ್ನು ಹೊಡೆಯಿತು. ತಾನು ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. 29ರಲ್ಲಿ 14 ಗೋಲುಗಳು ಧ್ಯಾನ್‌ಚಂದರವು. ಚಿನ್ನದ ಪದಕದೊಡನೆ ತಂಡವು ಹಿಂತಿರುಗಿದಾಗ ಅದೇ ಬಂದರಿನಲ್ಲಿ ಜನಸಾಗರವೇ ನೆರೆದಿತ್ತು.

1932ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಭಾರತವು ಜಪಾನನ್ನು 11-1ರಿಂದಲೂ, ಅಮೆರಿಕವನ್ನು 24-1ರಿಂದಲೂ ಸೋಲಿಸಿ ಮತ್ತೆ ಚಿನ್ನವನ್ನು ಗೆದ್ದಿತು. ಧ್ಯಾನ್‌ಚಂದರ ತಮ್ಮ ರೂಪ್ ಸಿಂಗರೂ ಆ ತಂಡದಲ್ಲಿದ್ದರು. ಅಮೆರಿಕದ ಎದುರು ರೂಪ್ ಸಿಂಗರು ಹತ್ತು, ಧ್ಯಾನ್‌ಚಂದರು ಎಂಟು ಗೋಲುಗಳನ್ನು ಹೊಡೆದರು.

ಇಂತಹ ಆಟವನ್ನು ಕಂಡವರಲ್ಲಿ ಅನೇಕ ಕಥೆಗಳು ಹುಟ್ಟಿಕೊಂಡವು. ಅವರ ಕೋಲಿನೊಳಗೆ ಅಯಸ್ಕಾಂತವಿರಬೇಕೆಂದು ಸಂಶಯಪಟ್ಟು ಅದನ್ನು ಮುರಿದು ನೋಡಿದರೆಂಬುದು ಅಂತಹ ಒಂದು ಕಥೆ. ಕೋಲಿಗೆ ಅಂಟು ಸವರಿರಬೇಕೆಂಬುದು ಇನ್ನೊಂದು. ಇವು ನಡೆದವೋ ಇಲ್ಲವೋ, ಚೆಂಡಿನ ಮೇಲೆ ಅವರಿಗಿದ್ದ ಹತೋಟಿಯನ್ನು ಜನರು ಎಷ್ಟು ಅದ್ಭುತವೆಂದು ಎಣಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ. ಆದರೆ ಇಂತಹ ಕಥೆಗಳು ಅವರ ಹಿರಿಮೆಯ ಅರ್ಧವನ್ನಷ್ಟೇ ಹೇಳುತ್ತವೆ. ಉಳಿದರ್ಧವನ್ನು ತಿಳಿಯಬೇಕಾದರೆ 1933ರ ಒಂದು ಪಂದ್ಯವನ್ನು ನೆನೆಯಬೇಕು.

ಆ ವರ್ಷ ಕಲ್ಕತ್ತೆಯ ಬೈಟನ್ ಕಪ್ ಪಂದ್ಯಾವಳಿಯಲ್ಲಿ ಧ್ಯಾನ್‌ಚಂದರು ತಮ್ಮ ಊರಿನ ಝಾನ್ಸಿ ಹೀರೋಸ್ ತಂಡದ ಪರವಾಗಿ ಆಡಿದರು. ಅಂತಿಮ ಪಂದ್ಯದಲ್ಲಿ ಎದುರಾದುದು ಬಲಿಷ್ಠವಾದ ಕಲ್ಕತ್ತಾ ಕಸ್ಟಮ್ಸ್ ತಂಡ. ಎದುರಾಳಿಗಳು ಪಂದ್ಯದ ಬಹುಕಾಲ ಝಾನ್ಸಿಯವರ ಗೋಲಿನ ಮೇಲೆಯೇ ಮುತ್ತಿಗೆ ಹಾಕಿದ್ದರು. ಅಂತಹ ವೇಳೆಯಲ್ಲಿ ಧ್ಯಾನ್‌ಚಂದರಿಗೆ ಮೈದಾನದ ನಡುವೆ ಚೆಂಡು ದೊರೆಯಿತು. ಅವರು ಡ್ರಿಬ್ಲಿಂಗಿಗೆ ತೊಡಗಲಿಲ್ಲ. ಇಸ್ಮಾಯಿಲ್ ಎಂಬ ಸಂಗಡಿಗನು ಓಡಬಹುದಾದ ತೆರವನ್ನು ಕಂಡು, ನೀಳವಾದ ಒಂದು ಹೊಡೆತದಿಂದ ಚೆಂಡನ್ನು ಅತ್ತ ಕಳುಹಿಸಿದರು. ಇಸ್ಮಾಯಿಲರು ಮಿಂಚಿನಂತೆ ಓಡಿ ಗೋಲು ಹೊಡೆದರು. ಪಂದ್ಯದಲ್ಲಿ ಬಂದ ಗೋಲು ಅದೊಂದೇ. ಒಲಿಂಪಿಕ್ ಜಯಗಳನ್ನು ಕಂಡ ಧ್ಯಾನ್‌ಚಂದರು ತಾವು ಆಡಿದ ಅತ್ಯುತ್ತಮ ಪಂದ್ಯ ಇದೇ ಎಂದು ಭಾವಿಸಿದ್ದರು. ತಾವೇ ಗೋಲು ಹೊಡೆಯದ ಪಂದ್ಯವೊಂದು ಅವರಿಗೆ ಅಷ್ಟು ಪ್ರಿಯವಾಗಿತ್ತೆಂಬುದು ಗಮನಿಸತಕ್ಕ ಸಂಗತಿ. ಅವರ ನಿಜವಾದ ಶಕ್ತಿ ಮಣಿಕಟ್ಟಿನಲ್ಲಿ ಮಾತ್ರವಲ್ಲ, ದೃಷ್ಟಿಯಲ್ಲಿಯೂ ಇತ್ತು. ಸಂಗಡಿಗನು ಎಲ್ಲಿದ್ದಾನೆ ಎಂಬುದಕ್ಕಿಂತ, ಮರುಕ್ಷಣ ಎಲ್ಲಿರುತ್ತಾನೆ ಎಂಬುದನ್ನು ಅವರು ಬಲ್ಲವರಾಗಿದ್ದರು.

1935ರಲ್ಲಿ ಅವರ ನಾಯಕತ್ವದಲ್ಲಿ ಭಾರತ ತಂಡವು ನ್ಯೂಜಿಲೆಂಡ್, ಆಸ್ಟ್ರೇಲಿಯಗಳಲ್ಲಿ ಪ್ರವಾಸ ಮಾಡಿತು. ಆ ಪ್ರವಾಸದ 43 ಪಂದ್ಯಗಳಲ್ಲಿ ಆಡಿ ಅವರು 201 ಗೋಲುಗಳನ್ನು ಹೊಡೆದರು. ಅಡಿಲೇಡ್ ನಗರದಲ್ಲಿ ಕ್ರಿಕೆಟ್ಟಿನ ಮಹಾನ್ ಆಟಗಾರ ಡಾನ್ ಬ್ರಾಡ್‌ಮನ್ನರು ಅವರನ್ನು ಭೇಟಿಯಾದರು. ಕ್ರಿಕೆಟ್ಟಿನಲ್ಲಿ ಓಟಗಳು ಬರುವಂತೆ ಇವರಿಂದ ಗೋಲುಗಳು ಬರುತ್ತಿರುವುದನ್ನು ಕಂಡು ಅವರೂ ವಿಸ್ಮಯಪಟ್ಟರು.

ಮರುವರ್ಷ, 1936ರಲ್ಲಿ, ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟ. ಧ್ಯಾನ್‌ಚಂದರೇ ಭಾರತ ತಂಡದ ನಾಯಕರು. ಕ್ರೀಡಾಕೂಟಕ್ಕೆ ಮೊದಲು ನಡೆದ ಅಭ್ಯಾಸ ಪಂದ್ಯವೊಂದರಲ್ಲಿ ಜರ್ಮನಿಯು ಭಾರತವನ್ನು 4-1ರಿಂದ ಸೋಲಿಸಿತು. ಈ ಸೋಲು ನಾಯಕರ ಮನಸ್ಸನ್ನು ಬಹಳವಾಗಿ ಕಲಕಿತು. ಅವರು ಸೋಲಿಗೆ ನೆಪಗಳನ್ನು ಹುಡುಕಲಿಲ್ಲ. ಪರದೇಶದವರು ಆಟದಲ್ಲಿ ಮುಂದುವರಿದಿರುವರೆಂಬುದನ್ನು ಒಪ್ಪಿಕೊಂಡು ತಂಡವನ್ನು ಬಲಪಡಿಸಲು ತೊಡಗಿದರು. ಭಾರತದಿಂದ ದಾರಾ ಎಂಬ ಆಟಗಾರರನ್ನು ವಿಮಾನದಲ್ಲಿ ಕರೆಸಿಕೊಳ್ಳಲಾಯಿತು. ಸ್ಪರ್ಧೆ ಆರಂಭವಾದ ಮೇಲೆ ಭಾರತವು ಹಂಗೇರಿ, ಅಮೆರಿಕ, ಜಪಾನ್, ಫ್ರಾನ್ಸ್ ದೇಶಗಳನ್ನು ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದು, ಅಂತಿಮ ಪಂದ್ಯದಲ್ಲಿ ಮತ್ತೆ ಜರ್ಮನಿಯನ್ನೇ ಎದುರಿಸಬೇಕಾಯಿತು.

ಮಳೆಯ ಕಾರಣದಿಂದ ಆ ಪಂದ್ಯವು ಒಂದು ದಿನ ಮುಂದಕ್ಕೆ ಹೋಗಿ ಆಗಸ್ಟ್ 15ರಂದು ನಡೆಯಿತು. ಪಂದ್ಯಕ್ಕೆ ಮುನ್ನ ಆಟಗಾರರು ಉಡುಪಿನ ಕೊಠಡಿಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ವಂದನೆ ಸಲ್ಲಿಸಿದರು. ಬ್ರಿಟಿಷರ ಆಳಿಕೆಯಲ್ಲಿದ್ದ ದೇಶದ ಆಟಗಾರರಿಗೆ, ಅವರಲ್ಲಿಯೂ ಸೈನಿಕರಿಗೆ, ಇದು ಧೈರ್ಯದ ಕಾರ್ಯವಾಗಿತ್ತು. ನೆಲವಿನ್ನೂ ಒದ್ದೆಯಾಗಿತ್ತು. ಜರ್ಮನರು ಚೆಂಡನ್ನು ನೆಲದಿಂದ ಮೇಲಕ್ಕೆತ್ತಿ ಹೊಡೆಯುತ್ತ ಭಾರತೀಯರ ನುಣುಪಾದ ಆಟಕ್ಕೆ ಅಡ್ಡಿಯೊಡ್ಡಿದರು. ಮಧ್ಯವಿರಾಮದ ವೇಳೆಗೆ ಭಾರತಕ್ಕೆ ದೊರೆತಿದ್ದುದು ಒಂದೇ ಗೋಲು. ಆಗ ಧ್ಯಾನ್‌ಚಂದರು ಮೊಳೆಯುಳ್ಳ ಬೂಟುಗಳನ್ನೂ ಕಾಲುಚೀಲಗಳನ್ನೂ ಕಳಚಿ, ರಬ್ಬರಿನ ಅಟ್ಟೆಯ ಹಗುರವಾದ ಪಾದರಕ್ಷೆಗಳೊಡನೆ ಅಂಗಳಕ್ಕಿಳಿದರು. ಅವರ ಓಟದ ವೇಗ ಹೆಚ್ಚಿತು. ಸಂಗಡಿಗರು ಮೇಲೆದ್ದ ಚೆಂಡನ್ನು ಗಾಳಿಯಲ್ಲಿಯೇ ಹೊಡೆದು ಜರ್ಮನರ ಉಪಾಯಕ್ಕೆ ಪ್ರತಿಯುಪಾಯ ಹೂಡಿದರು. ಉತ್ತರಾರ್ಧದಲ್ಲಿ ಏಳು ಗೋಲುಗಳು ಬಂದವು. ಭಾರತವು 8-1ರಿಂದ ಜಯಗಳಿಸಿತು. ನೆಲಕ್ಕೆ ತಕ್ಕಂತೆ ತನ್ನ ಆಟವನ್ನು ತಿದ್ದಿಕೊಳ್ಳಬಲ್ಲವನೇ ನಿಜವಾದ ಆಟಗಾರನೆಂಬುದನ್ನು ಧ್ಯಾನ್‌ಚಂದರು ಅಂದು ತೋರಿಸಿಕೊಟ್ಟರು. ಮೂರು ಒಲಿಂಪಿಕ್ ಕ್ರೀಡಾಕೂಟಗಳ 12 ಪಂದ್ಯಗಳಲ್ಲಿ ಭಾರತವು ಒಟ್ಟು 102 ಗೋಲುಗಳನ್ನು ಹೊಡೆದು, ಮೂರನ್ನು ಮಾತ್ರ ಬಿಟ್ಟುಕೊಟ್ಟಿತ್ತು.

ಎರಡನೆಯ ಮಹಾಯುದ್ಧದಿಂದಾಗಿ 1940 ಮತ್ತು 1944ರ ಒಲಿಂಪಿಕ್ ಕ್ರೀಡಾಕೂಟಗಳು ನಡೆಯಲಿಲ್ಲ. ಧ್ಯಾನ್‌ಚಂದರ ಆಟದ ಉತ್ತಮ ವರ್ಷಗಳು ಹಾಗೆಯೇ ಸರಿದುಹೋದವು. 1952ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು; ಅದರ ಹೆಸರು 'ಗೋಲ್'. 1956ರಲ್ಲಿ ಅವರು ಮೇಜರ್ ಪದವಿಯಿಂದ ನಿವೃತ್ತರಾದರು. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಮುಂದೆ ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಶಿಕ್ಷಕರಾಗಿ ತರುಣರಿಗೆ ಹಾಕಿಯನ್ನು ಕಲಿಸಿದರು.

ಅಷ್ಟರಲ್ಲಿ ಹಾಕಿಯ ಲೋಕ ಬದಲಾಗತೊಡಗಿತ್ತು. ಸ್ವತಂತ್ರ ಭಾರತವು 1948, 1952, 1956ರಲ್ಲಿ ಚಿನ್ನ ಗೆದ್ದು, 1960ರಲ್ಲಿ ಪಾಕಿಸ್ತಾನಕ್ಕೆ ಸೋತು, 1964ರಲ್ಲಿ ಮತ್ತೆ ಚಿನ್ನವನ್ನು ಪಡೆಯಿತು. 1968 ಮತ್ತು 1972ರಲ್ಲಿ ಕಂಚಿಗೆ ತೃಪ್ತಿಪಡಬೇಕಾಯಿತು. 1973ರ ವಿಶ್ವಕಪ್ಪಿನಲ್ಲಿ ನಮ್ಮ ಕೊಡಗಿನ ಎಂ. ಪಿ. ಗಣೇಶರ ನಾಯಕತ್ವದಲ್ಲಿ ಭಾರತವು ಎರಡನೆಯ ಸ್ಥಾನ ಗಳಿಸಿತು. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ಪನ್ನೇ ಗೆದ್ದಿತು. ಕೊಡಗಿನ ಬಿ. ಪಿ. ಗೋವಿಂದರು ಆ ತಂಡದಲ್ಲಿದ್ದರು. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ ವಿಜಯದ ಗೋಲನ್ನು ಹೊಡೆದವರು ಧ್ಯಾನ್‌ಚಂದರ ಮಗ ಅಶೋಕ್ ಕುಮಾರರು. ತಂದೆಗೆ ಇದಕ್ಕಿಂತ ಸಂತೋಷದ ದಿನ ಬೇರೊಂದು ಇರಲಾರದು.

ಆದರೆ ಮರುವರ್ಷವೇ ದೊಡ್ಡದೊಂದು ಪರಿವರ್ತನೆಯಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಡಲಾಯಿತು. ಇದರಿಂದ ಆಟ ಹೇಗೆ ಬೇರೆಯಾಯಿತೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಕರೂರಿನಂತಹ ಊರುಗಳ ಎರೆನೆಲವನ್ನು ನೆನೆಯಿರಿ. ಬೇಸಗೆಯಲ್ಲಿ ಅದು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಅಂತಹ ನೆಲದಲ್ಲಿ ಉರುಳುವ ಚೆಂಡು ಎಲ್ಲಿ ಪುಟಿದು ಎತ್ತ ಹೊರಳುವುದೆಂದು ಹೇಳಲಾಗದು. ಹುಲ್ಲಿನ ಮೈದಾನ ಇದಕ್ಕಿಂತ ಎಷ್ಟೋ ಮೇಲಾದರೂ ಅಲ್ಲಿಯೂ ಏರುಪೇರುಗಳಿರುತ್ತವೆ. ಚೆಂಡನ್ನು ಹದವಾಗಿ ತಡೆಯುವುದೇ ಅಲ್ಲಿ ದೊಡ್ಡ ವಿದ್ಯೆ. ತಡೆದ ಚೆಂಡನ್ನು ಕೋಲಿನ ಸನಿಹದಲ್ಲಿಯೇ ಇಟ್ಟುಕೊಂಡು ಸಾಗುವವನೇ ಜಾಣ. ಕೃತಕ ಹಾಸಾದರೋ ಒಂದೇ ಸಮನಾದುದು. ಅದರ ಮೇಲೆ ಚೆಂಡು ನೇರವಾಗಿ, ಅತಿವೇಗವಾಗಿ ಹರಿಯುತ್ತದೆ. ಅಲ್ಲಿ ತಡೆಯುವುದು ಸುಲಭ. ಆದರೆ ಯೋಚಿಸಲು ಸಿಗುವ ಸಮಯ ಕಡಿಮೆ. ಬಿರುಸಾದ ಓಟ, ದೇಹಬಲ, ನೇರವಾದ ಹೊಡೆತಗಳಿಗೆ ಬೆಲೆ ಹೆಚ್ಚಿತು. ಪಾಶ್ಚಾತ್ಯ ದೇಶಗಳು ಇಂತಹ ಹಾಸುಗಳನ್ನು ಬೇಗನೆ ಹಾಕಿಸಿಕೊಂಡವು. ಬಹಳ ವೆಚ್ಚದ ಆ ಹಾಸುಗಳು ನಮ್ಮ ದೇಶದಲ್ಲಿ ವಿರಳವಾಗಿದ್ದವು. ನಮ್ಮ ಮಕ್ಕಳು ಮಣ್ಣಿನಲ್ಲಿ ಕಲಿತು, ಹಾಸಿನ ಮೇಲೆ ಸ್ಪರ್ಧಿಸಬೇಕಾಯಿತು. ಮಾಂಟ್ರಿಯಲ್ಲಿನಲ್ಲಿ ಭಾರತಕ್ಕೆ ದೊರೆತುದು ಏಳನೆಯ ಸ್ಥಾನ. 1928ರಿಂದ ಮೊದಲ ಬಾರಿಗೆ ಭಾರತದ ಹಾಕಿ ತಂಡವು ಒಲಿಂಪಿಕ್ ಪದಕವಿಲ್ಲದೆ ಹಿಂತಿರುಗಿತು. ಅಶೋಕ್ ಕುಮಾರರು ಆ ತಂಡದಲ್ಲಿಯೂ ಇದ್ದರು. ಮಗನ ಗೆಲುವನ್ನು ಕಂಡ ತಂದೆ ಈ ಸೋಲನ್ನೂ ಕಾಣಬೇಕಾಯಿತು.

ಧ್ಯಾನ್‌ಚಂದರ ಕೊನೆಯ ದಿನಗಳು ಸುಖದವಾಗಿರಲಿಲ್ಲ. ಹಣದ ಅಡಚಣೆಯೂ ಅನಾರೋಗ್ಯವೂ ಅವರನ್ನು ಬಾಧಿಸಿದವು. 1979ರ ಡಿಸೆಂಬರ್ 3ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ತಾವು ಆಡಿ ಬೆಳೆದ ಝಾನ್ಸಿ ಹೀರೋಸ್ ಮೈದಾನದಲ್ಲಿಯೇ ಅವರ ಅಂತ್ಯಸಂಸ್ಕಾರ ನಡೆಯಿತು. ಎಂಟು ತಿಂಗಳು ಕಳೆಯುವುದರೊಳಗೆ, 1980ರಲ್ಲಿ, ಮಾಸ್ಕೋದ ಕೃತಕ ಹಾಸಿನ ಮೇಲೆ ಭಾರತವು ಚಿನ್ನವನ್ನು ಗೆದ್ದಿತು. ಕೊಡಗಿನ ಎಂ. ಎಂ. ಸೋಮಯ್ಯರು ಆ ತಂಡದ ಸದಸ್ಯರಾಗಿದ್ದರು. ಅದನ್ನು ಕಾಣಲು ಮಾಂತ್ರಿಕರು ಉಳಿದಿರಲಿಲ್ಲ.

ಅವರ ಕಾಲದ ಹಾಕಿಗೂ ಇಂದಿನ ಹಾಕಿಗೂ ಇರುವ ಅಂತರ ಬಹಳ. ಅಂದು ಐವರು ಆಟಗಾರರು ಮುಂದಿನ ಸಾಲಿನಲ್ಲಿ ನಿಂತು ದಾಳಿ ಮಾಡುತ್ತಿದ್ದರು. ಅವರ ಹಿಂದೆ ಮೂವರು, ಅವರ ಹಿಂದೆ ಇಬ್ಬರು, ಕೊನೆಗೆ ಗೋಲುರಕ್ಷಕ. ಇಂದು ಎಲ್ಲರೂ ದಾಳಿ ಮಾಡಬೇಕು, ಎಲ್ಲರೂ ರಕ್ಷಿಸಬೇಕು. ಅಂದು ಆಫ್‌ಸೈಡ್ ನಿಯಮವು ಮುನ್ನುಗ್ಗುವವರಿಗೆ ಕಟ್ಟುಪಾಡು ವಿಧಿಸುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅದನ್ನು ಕೈಬಿಡಲಾಯಿತು. ಅಂದು ಆರಂಭದಿಂದ ಅಂತ್ಯದವರೆಗೆ ಹನ್ನೊಂದು ಮಂದಿಯೇ ಆಡುತ್ತಿದ್ದರು. ಇಂದು ಆಟ ನಡೆಯುತ್ತಿರುವಾಗಲೇ ದಣಿದವರು ಹೊರಬಂದು ಬೇರೆಯವರು ಒಳಹೋಗುತ್ತಾರೆ. ತಲಾ 35 ನಿಮಿಷಗಳ ಎರಡು ಅವಧಿಗಳಿದ್ದ ಪಂದ್ಯವು 15 ನಿಮಿಷಗಳ ನಾಲ್ಕು ಅವಧಿಗಳದಾಗಿದೆ. ಹಿಪ್ಪುನೇರಳೆ ಮರದ ಕೋಲಿನ ಸ್ಥಾನದಲ್ಲಿ ಕೃತಕ ನಾರಿನ ಗಟ್ಟಿಯಾದ ಕೋಲು ಬಂದಿದೆ. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಬೀಸಿ ಎಸೆಯುವ ಡ್ರ್ಯಾಗ್ ಫ್ಲಿಕ್ ಎಂಬ ಹೊಸ ವಿದ್ಯೆ ರೂಢಿಗೆ ಬಂದಿದೆ. ಕೊಡಗಿನ ವಿ. ಆರ್. ರಘುನಾಥರು ಈ ವಿದ್ಯೆಯಿಂದಲೂ, ಎಸ್. ವಿ. ಸುನೀಲರು ಮಿಂಚಿನ ಓಟದಿಂದಲೂ ಹೆಸರು ಗಳಿಸಿದರು. ನಾಲ್ಕು ದಶಕಗಳಿಗೂ ಮೀರಿದ ಕಾಯುವಿಕೆಯ ಬಳಿಕ ಭಾರತವು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜರ್ಮನಿಯನ್ನು 5-4ರಿಂದಲೂ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಪೇನನ್ನು 2-1ರಿಂದಲೂ ಸೋಲಿಸಿ ಕಂಚಿನ ಪದಕಗಳನ್ನು ಪಡೆಯಿತು.

ಹಾಗಾದರೆ ಧ್ಯಾನ್‌ಚಂದರ ಕೌಶಲವು ಹುಲ್ಲಿನ ಮೈದಾನದೊಡನೆಯೇ ಮುಗಿಯಿತೆ? ಅವರ ಡ್ರಿಬ್ಲಿಂಗನ್ನು ಇದ್ದಂತೆಯೇ ಇಂದು ಆಡಿದರೆ ಅದು ಸಾಲದಾಗಬಹುದು. ಆದರೆ ಬೈಟನ್ ಕಪ್ಪಿನಲ್ಲಿ ಸಂಗಡಿಗನ ದಾರಿಯನ್ನು ಮೊದಲೇ ಕಂಡ ಕಣ್ಣು, ಗೋಲಿನ ಕೀರ್ತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮನಸ್ಸು, ಬರ್ಲಿನ್ನಿನಲ್ಲಿ ನೆಲವನ್ನರಿತು ಬೂಟು ಕಳಚಿದ ವಿವೇಕ, ಸೋಲನ್ನು ಒಪ್ಪಿಕೊಂಡು ತಿದ್ದಿಕೊಂಡ ಪ್ರಾಮಾಣಿಕತೆ, ಬೆಳುದಿಂಗಳನ್ನೂ ಬಿಡದ ಅಭ್ಯಾಸ, ಇವು ಯಾವ ಹಾಸಿನ ಮೇಲೂ ಹಳತಾಗುವುದಿಲ್ಲ. ಆಟದ ವೇಗ ಹೆಚ್ಚಿದಷ್ಟೂ ಇವುಗಳ ಅಗತ್ಯವೂ ಹೆಚ್ಚುತ್ತದೆ.

ಅವರು ಜನಿಸಿದ ಆಗಸ್ಟ್ 29ನ್ನು ನಾವು ರಾಷ್ಟ್ರೀಯ ಕ್ರೀಡಾ ದಿನವಾಗಿ ಆಚರಿಸುತ್ತೇವೆ. ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಗೆ 2021ರಲ್ಲಿ ಅವರ ಹೆಸರನ್ನು ಇಡಲಾಯಿತು. ಈ ಗೌರವಗಳೆಲ್ಲ ಉಚಿತವಾದವುಗಳೇ. ಆದರೆ ಆರನೆಯ ತರಗತಿಗೆ ಓದು ನಿಲ್ಲಿಸಬೇಕಾಗಿ ಬಂದ ಸಿಪಾಯಿಯ ಮಗನೊಬ್ಬನು ಹಾಕಿ ಕೋಲು ಹಿಡಿದು ಜಗತ್ತಿಗೇ ಗುರುವಾದುದನ್ನು ಅರಿತು, ತನ್ನೂರಿನ ಒರಟು ನೆಲದಲ್ಲಿಯೇ ಅಭ್ಯಾಸಕ್ಕೆ ತೊಡಗುವ ಬಾಲಕ ಬಾಲಕಿಯರು ಅವರಿಗೆ ಸಲ್ಲಿಸುವ ಗೌರವ ಇವೆಲ್ಲಕ್ಕಿಂತಲೂ ಮಿಗಿಲಾದುದು. ಅಂತಹ ಮಕ್ಕಳಿಗೆ ಸಮನಾದ ನೆಲವನ್ನು ಒದಗಿಸುವುದು ಹಿರಿಯರಾದವರ ಹೊಣೆ.